ಮಾನ ಹೋದದ್ದು ಯಾರದು?

ಯುದ್ಧ ಮುಗಿದ ಮೇಲೆ ಸತ್ತವರ ಲೆಕ್ಕ ಹಾಕುತ್ತಾರೆ, ಸುಟ್ಟ ಮನೆಗಳ ಲೆಕ್ಕ ಹಾಕುತ್ತಾರೆ. ಸ್ತ್ರೀಯರ ಮೇಲೆ ನಡೆದ ಅತ್ಯಾಚಾರ ಮಾತ್ರ ಬಹುಕಾಲ ಯಾವ ಲೆಕ್ಕಕ್ಕೂ ಬರಲಿಲ್ಲ. 1945ರ ನ್ಯೂರೆಂಬರ್ಗ್ ನ್ಯಾಯಮಂಡಳಿಯ ಸನ್ನದಿನಲ್ಲಿ ಆ ಅಪರಾಧದ ಹೆಸರೇ ಇರಲಿಲ್ಲ. 1949ರ ಜಿನೀವಾ ಒಪ್ಪಂದ ಅದನ್ನು ನಿಷೇಧಿಸಿತಾದರೂ ಸ್ತ್ರೀಯರ 'ಮಾನ'ದ ಮೇಲಿನ ದಾಳಿಯೆಂದು ಕರೆಯಿತು.

ಈ ಮೌನ ಮುರಿದದ್ದು ಆಫ್ರಿಕಾ ಖಂಡದಲ್ಲಿ. 1994ರಲ್ಲಿ ರುವಾಂಡಾ ದೇಶದಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ತುತ್ಸಿ ಜನರ ಕಗ್ಗೊಲೆಯಾಯಿತು. ಅಪರಾಧಿಗಳ ವಿಚಾರಣೆಗಾಗಿ ವಿಶ್ವಸಂಸ್ಥೆಯು ನೆರೆಯ ತಾಂಜಾನಿಯಾದ ಅರೂಷಾ ನಗರದಲ್ಲಿ ನ್ಯಾಯಮಂಡಳಿಯನ್ನು ಸ್ಥಾಪಿಸಿತು. ಅಲ್ಲಿ ಕಟಕಟೆ ಏರಿದವರಲ್ಲಿ ಒಬ್ಬನು ತಾಬಾ ಎಂಬ ಪ್ರದೇಶದ ಆಡಳಿತ ಮುಖ್ಯಸ್ಥ, ಹಿಂದೆ ಶಾಲಾ ಶಿಕ್ಷಕನಾಗಿದ್ದ ಜಾನ್ ಪೌಲ್ ಅಕಾಯೆಸು. ಅವನ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಪ್ರಸ್ತಾಪವಿರಲಿಲ್ಲ. ಸಾಕ್ಷ್ಯ ನುಡಿಯಲು ಬಂದ ತಾಯಿಯೊಬ್ಬಳು ತನ್ನ ಆರು ವರ್ಷದ ಮಗಳಿಗೆ ಒದಗಿದ ಗತಿಯನ್ನು ಹೇಳಿದಳು. ನ್ಯಾಯಪೀಠ ಆ ಮಾತನ್ನು ಬದಿಗೆ ಸರಿಸದೆ ಆಲಿಸಿತು. ಪೀಠದಲ್ಲಿದ್ದ ಏಕೈಕ ಮಹಿಳೆ, ಭಾರತೀಯ ಮೂಲದ ದಕ್ಷಿಣ ಆಫ್ರಿಕಾದ ನವನೀತಂ ಪಿಳ್ಳೈ, ಮುಂದೆ ಬಂದ ಸಾಕ್ಷಿಗಳನ್ನೂ ಈ ಕುರಿತು ಪ್ರಶ್ನಿಸಿದರು. 1997ರಲ್ಲಿ ಆರೋಪಪಟ್ಟಿ ತಿದ್ದುಪಡಿಯಾಯಿತು.

1998ರ ಸೆಪ್ಟೆಂಬರ್ 2ರಂದು ತೀರ್ಪು ಹೊರಬಿತ್ತು: ಒಂದು ಜನಾಂಗವನ್ನು ನಾಶಮಾಡುವ ಉದ್ದೇಶದಿಂದ ಎಸಗಿದ ಅತ್ಯಾಚಾರವೂ ನರಮೇಧವೇ. ಅಕಾಯೆಸು ತಾನೇ ಅತ್ಯಾಚಾರ ಎಸಗಿದನೆಂಬ ಆರೋಪವಿರಲಿಲ್ಲ. ರಕ್ಷಣೆ ಕೋರಿ ಅವನ ಕಚೇರಿಯ ಆವರಣಕ್ಕೆ ಬಂದ ಸ್ತ್ರೀಯರ ಮೇಲೆ ದೌರ್ಜನ್ಯ ನಡೆಯುವಾಗ ಅವನು ತಡೆಯಲಿಲ್ಲ, ಪ್ರೋತ್ಸಾಹಿಸಿದನು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅದೇ ವರ್ಷ ಅಂಗೀಕೃತವಾದ ರೋಮ್ ಶಾಸನವು ಯುದ್ಧಕಾಲದ ಅತ್ಯಾಚಾರ, ಲೈಂಗಿಕ ದಾಸ್ಯಗಳನ್ನು ಹೆಸರಿಸಿ ಅಂತಾರಾಷ್ಟ್ರೀಯ ಅಪರಾಧಗಳೆಂದು ಸಾರಿತು. ಭಾರತ ಈ ಶಾಸನಕ್ಕೆ ಇನ್ನೂ ಸೇರಿಲ್ಲ.

ಕಾನೂನು ತನ್ನ ಭಾಷೆಯನ್ನು ತಿದ್ದಿಕೊಂಡಿತು, ನಾವು ತಿದ್ದಿಕೊಂಡಿದ್ದೇವೆಯೇ? ಇಂದಿಗೂ ನಾವು 'ಮಾನಭಂಗ' ಎನ್ನುತ್ತೇವೆ. 'ಪಾಪ, ಅವಳ ಮಾನ ಹೋಯಿತು' ಎಂದು ಮರುಗುತ್ತೇವೆ. ವಿಚಾರಮಾಡಿದರೆ ಈ ಮಾತು ನಿಲ್ಲುವುದಿಲ್ಲ. ಒಡವೆಯನ್ನು ಕಸಿಯಬಹುದು, ಪ್ರಾಣವನ್ನೂ ಕಸಿಯಬಹುದು. ಮಾನವನ್ನು ಪರರು ಕಸಿಯಲಾರರು. ಮನುಷ್ಯ ಅದನ್ನು ಕಳೆದುಕೊಳ್ಳುವುದು ತನ್ನ ಕೃತ್ಯದಿಂದಲೇ. ಹಾಗಿರುವಾಗ ತಾಬಾದಲ್ಲಿ ಮಾನಗೆಟ್ಟವರು ಅತ್ಯಾಚಾರ ಎಸಗಿದವರು, ಅವರನ್ನು ಹುರಿದುಂಬಿಸಿದ ಅಧಿಕಾರಿ. ಆದರೂ ಹೆಸರು ಮರೆಸಿಕೊಂಡು, ಬರಿಯ ಅಕ್ಷರಗಳ ಗುರುತಿನಿಂದ ಸಾಕ್ಷ್ಯ ನುಡಿಯಬೇಕಾದವರು ಆ ಸ್ತ್ರೀಯರೇ.

ನ್ಯಾಯಮಂಡಳಿ ದೂರದಲ್ಲಿರಬಹುದು, ನೊಂದವಳ ಮಾತು ಮೊದಲು ಬೀಳುವುದು ಮನೆಯವರ ಕಿವಿಗೆ, ನೆರೆಯವರ ಕಿವಿಗೆ. 'ಸುಮ್ಮನಿರು, ಯಾರಿಗೂ ಹೇಳಬೇಡ' ಎನ್ನುವ ಬದಲು ಕುಳಿತು ಕೇಳೋಣ. ಅರೂಷಾದಲ್ಲಿ ನ್ಯಾಯ ಆರಂಭವಾದದ್ದೂ ಅಷ್ಟರಿಂದಲೇ.