ಅಜ್ಜಿಗೂ ಮೊಮ್ಮಗಳಿಗೂ ಒಂದೇ ಚೌಕಾಬಾರ

ಸಂಜೆಯಾದರೆ ಎಷ್ಟೋ ಮನೆಗಳಲ್ಲಿ ಅಜ್ಜಿ ಧಾರಾವಾಹಿಯ ಮುಂದೆ, ಮೊಮ್ಮಗಳು ಮೊಬೈಲಿನ ಮುಂದೆ. ಅಜ್ಜ ಇನ್ನೂ ಪಾರ್ಕಿನ ಕಲ್ಲುಬೆಂಚು ಬಿಟ್ಟು ಎದ್ದಿರುವುದಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮನರಂಜನೆ, ಮಾಧ್ಯಮ, ಆಟೋಟಗಳಲ್ಲಿ ತೊಡಗುವ ಆರು ವರ್ಷ ಮತ್ತು ಮೇಲ್ಪಟ್ಟವರು ಅವುಗಳಲ್ಲಿ ದಿನಕ್ಕೆ ಸರಾಸರಿ 171 ನಿಮಿಷ ಕಳೆಯುತ್ತಾರೆ. ಬಿಡುವೇನೋ ಇದೆ, ಒಟ್ಟಿಗೆ ಕೂರಲು ನೆಪ ಬೇಕು.

ಆ ನೆಪ ನಮ್ಮ ಜಗಲಿಗಳಲ್ಲೇ ಇತ್ತು, ಚೌಕಾಬಾರದಂಥ ಮಣೆಯಾಟಗಳ ರೂಪದಲ್ಲಿ. ಚೌಕಾಬಾರಕ್ಕೆ ಬೇಕಾದ್ದು ಒಂದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ, ಕಾಯಿಗಳಿಗೆ ಒಂದಿಷ್ಟು ಬಳೆಚೂರು, ಗುಂಡಿ. ನೆಲದ ಮೇಲೆ ಐದು ಸಾಲಿನಲ್ಲಿ 25 ಮನೆ ಬರೆದು, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿದರೆ ಆಯಿತು. ಕವಡೆ ಇಲ್ಲವೇ? ಹುಣಸೆಬೀಜವನ್ನು ಒಂದು ಬದಿ ಬೆಳ್ಳಗಾಗುವವರೆಗೆ ಕಲ್ಲಿಗೆ ತೇಯ್ದರೆ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಗರ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಹಲವು ಮನೆಗಳ ಕಟ್ಟುನಿಟ್ಟು. ಮಧ್ಯದ ಮನೆ ಸೇರಿದರೆ ಕಾಯಿ ಹಣ್ಣಾಯಿತು.

ಇಲ್ಲಿ ಗರ ಬೀಳುವುದು ಅದೃಷ್ಟ, ಯಾವ ಕಾಯಿ ನಡೆಸಬೇಕೆಂಬುದು ಬುದ್ಧಿ. ಹಾಗಾಗಿ ಹದಿನೈದರ ಹುಡುಗಿ ಎಪ್ಪತ್ತರ ಅಜ್ಜಿಯನ್ನು ಸೋಲಿಸಬಲ್ಲಳು. ಅಜ್ಜಿಯೂ “ತಾಳು ಪುಟ್ಟಿ, ಈಗ ನಿನ್ನ ಕಾಯಿ ಕಡೀತೀನಿ” ಎಂದು ಸವಾಲು ಹಾಕಬಲ್ಲಳು. ಪರೀಕ್ಷೆಯ ಅಂಕ, ಬಿಪಿ ಮಾತ್ರೆಗಳ ವಿಚಾರಣೆ ಬಿಟ್ಟು ಇಬ್ಬರಿಗೂ ಬೇರೆ ಮಾತು ಹುಟ್ಟುತ್ತದೆ.

ಚೌಕಾಬಾರವೊಂದೇ ಅಲ್ಲ, ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಗೆ ಹದಿನಾಲ್ಕು ಗುಳಿಗಳ ಚೆನ್ನೆಮಣೆ ಹೊರಬರುತ್ತಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಮಣೆಯಾಟಗಳನ್ನೇ ರೂಪಿಸಿದ್ದರು. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಅವುಗಳ ಚಿತ್ರಗಳಿವೆ. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಆಟಗಳ ಪ್ರದರ್ಶನ ಏರ್ಪಡಿಸಿ, ಅವನ್ನು ಮತ್ತೆ ಜನರ ಕೈಗೆ ತಲುಪಿಸುವ ಕೆಲಸ ಮಾಡಿದೆ.

ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡು ಆಟಕ್ಕೆ ಕೂರಿಸಿದರೆ ಅದು ಶಿಕ್ಷೆಯಾಗುತ್ತದೆ. ಹಿರಿಯರು ‘ಬಾ, ಹೇಳಿಕೊಡ್ತೀನಿ’ ಎಂದು ಕರೆಯಲಿ. ಮಕ್ಕಳು ಆಡುವ ಮೊಬೈಲ್ ಆಟವನ್ನು ತಾವೂ ಕಲಿಯಲಿ. ಸೋತವರು ‘ಮುಂದಿನ ಭಾನುವಾರ ಮತ್ತೆ ಆಡೋಣ’ ಅಂದರೆ, ಆ ಮನೆಯ ಎರಡು ತಲೆಮಾರುಗಳಿಗೆ ಕೂಡಿ ಕಳೆಯುವ ಬಿಡುವು ದಕ್ಕಿತೆಂದೇ ಲೆಕ್ಕ.