ಬರೆಯೋ ಕೆಲಸಕ್ಕೂ ಇಂಟರ್ನ್‌ಶಿಪ್ ಇದೆ

ಪ್ರತಿ ಬ್ಯಾಚಲ್ಲೂ ಇಂಥವರು ಒಂದಿಷ್ಟು ಜನ ಇರ್ತಾರೆ. ಪ್ರಾಜೆಕ್ಟ್ ಟೀಮಲ್ಲಿ ಕೋಡ್ ಬೇರೆಯವರು ಬರೀತಾರೆ. ರಿಪೋರ್ಟು, ಪಿಪಿಟಿ, ವೈವಾದಲ್ಲಿ ಮಾತಾಡೋದು ಇವರ ಪಾಲು. ಫೆಸ್ಟ್ ಬಂದ್ರೆ ನಿರೂಪಣೆ, ಪೋಸ್ಟರ್ ಮೇಲಿನ ಸಾಲು, ಸ್ಪಾನ್ಸರ್‌ಗೆ ಹೋಗೋ ಮೇಲ್ ಎಲ್ಲ ಇವರದ್ದೇ. ನಮ್ಮ ಸಂಘದಲ್ಲಂತೂ ಇವರೇ ಜಾಸ್ತಿ. ಆದ್ರೆ ಪ್ಲೇಸ್‌ಮೆಂಟ್ ಮಾತು ಬಂದ ತಕ್ಷಣ ಎಲ್ಲರೂ ಲೀಟ್‌ಕೋಡ್ ತೆಗೀತೀವಿ. ಬರೆಯೋದು, ಮಾತಾಡೋದೆಲ್ಲ "ಹಾಬಿ" ಖಾತೆಗೆ ಹೋಗುತ್ತೆ.

ಅದಕ್ಕೂ ಸಂಬಳ ಕೊಡ್ತಾರೆ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಮ್ಯುನಿಕೇಶನ್ಸ್ ಅಂತ ಕರೆಯೋ ಈ ಕ್ಷೇತ್ರದಲ್ಲಿ ಪಿಆರ್ ಏಜೆನ್ಸಿಗಳಿವೆ, ಕಂಪನಿಗಳ ಒಳಗಿನ ಸಂವಹನ ವಿಭಾಗಗಳಿವೆ, ಆ್ಯಪ್‌ನ ಬಟನ್ ಮೇಲೆ ಏನು ಬರೀಬೇಕು ಅಂತ ಯೋಚಿಸೋ ಯುಎಕ್ಸ್ ರೈಟರ್‌ಗಳಿದ್ದಾರೆ. ಇಂಜಿನಿಯರಿಂಗ್ ಓದಿದವರಿಗೆ ನಿಜವಾಗಿ ಅನುಕೂಲ ಇರೋದು ಎರಡು ಕಡೆ. ಒಂದು ಟೆಕ್ನಿಕಲ್ ರೈಟಿಂಗ್: ಸಾಫ್ಟ್‌ವೇರ್ ಅಥವಾ ಯಂತ್ರವನ್ನ ಹೇಗೆ ಬಳಸಬೇಕು ಅಂತ ಬಳಸುವವರಿಗೆ ಅರ್ಥವಾಗೋ ಹಾಗೆ ಬರೆಯೋದು. ಎಪಿಐ ಅಂದ್ರೇನು ಅಂತ ಗೊತ್ತಿರೋರು ಆ ಕೆಲಸಕ್ಕೆ ಬೇಕು. ಇನ್ನೊಂದು ವಿಜ್ಞಾನ ಸಂವಹನ. ಕನ್ನಡದಲ್ಲಿ ಇದಕ್ಕೆ ಒಳ್ಳೆ ಪರಂಪರೆನೇ ಇದೆ. ಟಿ. ಆರ್. ಅನಂತರಾಮು ಭೂವಿಜ್ಞಾನಿಯಾಗಿದ್ದುಕೊಂಡೇ ಬರೆದವರು. ಟಿ. ಜಿ. ಶ್ರೀನಿಧಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿದ್ದು ಇಜ್ಞಾನ ಜಾಲತಾಣ ನಡೆಸಿದವರು.

ಸಮಸ್ಯೆ ಏನಂದ್ರೆ, ಈ ಕೆಲಸಗಳಿಗೆ ಕಂಪನಿಗಳು ಕ್ಯಾಂಪಸ್ಸಿಗೆ ಬಸ್ಸಲ್ಲಿ ಬಂದು ಆಪ್ಟಿಟ್ಯೂಡ್ ಟೆಸ್ಟ್ ಇಡೋದು ಕಮ್ಮಿ. ಒಂದು ಟೀಮಿಗೆ ಒಬ್ಬರೋ ಇಬ್ಬರೋ ಬೇಕಿರುತ್ತೆ, "ಯಾರಾದ್ರೂ ಗೊತ್ತಾ?" ಅಂತ ಒಳಗಿನವರನ್ನೇ ಮೊದಲು ಕೇಳ್ತಾರೆ. ಆ ಪ್ರಶ್ನೆ ಕೇಳಿಸಿಕೊಳ್ಳೋ ಜಾಗದಲ್ಲಿ ನಮ್ಮನ್ನ ಬಲ್ಲವರೊಬ್ಬರು ಇರಬೇಕು, ಅಷ್ಟೆ. ನೆಟ್‌ವರ್ಕಿಂಗ್ ಅನ್ನೋ ದೊಡ್ಡ ಪದದ ಒಳಗಿರೋದು ಇಷ್ಟೇ.

ಹಾಗಾದ್ರೆ ಯಾರು ಆ ಒಬ್ಬರು? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇದಕ್ಕೆ ಉತ್ತರ ಇದೆ. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನ ಅವರು ಮಾತಾಡಿಸಿದ್ರು. ಕೆಲಸದ ಸುದ್ದಿ ಕೊಟ್ಟವರನ್ನ ಆಗ ಎಷ್ಟು ಸಲ ಭೇಟಿ ಆಗ್ತಿದ್ರಿ ಅಂತ ಕೇಳಿದಾಗ, ವಾರಕ್ಕೆ ಎರಡು ಸಲಕ್ಕಿಂತ ಕಮ್ಮಿಯಿಲ್ಲದೆ ಸಿಗ್ತಿದ್ವಿ ಅಂದವರು ಬರೀ 16.7%. ಆಗೊಮ್ಮೆ ಈಗೊಮ್ಮೆ ಅಂದವರು 55.6%, ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಮ್ಮಿ ಅಂದವರು 27.8%. ಈ ಲೆಕ್ಕದಲ್ಲಿರೋದು 54 ಜನ ಮಾತ್ರ, ಹಾಗಾಗಿ ದಶಾಂಶಕ್ಕೆಲ್ಲ ಜಾಸ್ತಿ ಬೆಲೆ ಕೊಡೋದು ಬೇಡ. ಆದ್ರೆ 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನ ಸೈನ್ಸ್ ಪತ್ರಿಕೆಯಲ್ಲಿ ಬಂತು, ಅದೂ ಹೆಚ್ಚುಕಮ್ಮಿ ಇದೇ ದಿಕ್ಕು ತೋರಿಸಿತು. ಅದರಲ್ಲಿ ಸ್ವಲ್ಪ ತಿದ್ದುಪಡಿನೂ ಇದೆ: ತೀರಾ ಅಪರಿಚಿತರಿಗಿಂತ, ನಾಲ್ಕಾರು ಜನ ಇಬ್ಬರಿಗೂ ಗೊತ್ತಿರೋ ಅರೆಪರಿಚಿತರಿಂದ ಹೆಚ್ಚು ಉಪಯೋಗ.

ಕಾರಣ ಯೋಚಿಸಿದ್ರೆ ಸರಳ. ನಮ್ಮ ರೂಮ್‌ಮೇಟಿಗೆ ಗೊತ್ತಿರೋದೆಲ್ಲ ನಮಗೂ ಗೊತ್ತಿರುತ್ತೆ, ಇಬ್ಬರೂ ಒಂದೇ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಇರ್ತೀವಲ್ಲ. ಮೂರು ವರ್ಷ ಹಿಂದೆ ಪಾಸಾಗಿ ಹೋದ ಸೀನಿಯರ್, ಲ್ಯಾಬ್ ಪಾರ್ಟ್‌ನರ್‌ನ ಅಕ್ಕ, ವರ್ಕ್‌ಶಾಪಿಗೆ ಬಂದು ಮಾತಾಡಿ ಹೋದವರು: ಇವರು ಓಡಾಡೋ ಜಗತ್ತೇ ಬೇರೆ, ಅಲ್ಲಿನ ಸುದ್ದಿನೂ ಬೇರೆ.

ಇವರಿಗೆ ಮೆಸೇಜ್ ಮಾಡೋಕೆ ನಮಗೆಲ್ಲ ಸಂಕೋಚ. "ಹಾಯ್ ಸರ್, ರೆಫರಲ್ ಪ್ಲೀಸ್" ಅಂತ ರೆಸ್ಯೂಮೆ ಅಂಟಿಸೋಕೆ ಮಾತ್ರ ಅದ್ಯಾಕೋ ಸಂಕೋಚ ಇರಲ್ಲ! ಅದರ ಬದಲು ಹೀಗೆ ಬರೆದು ನೋಡಿ:

"ನಮಸ್ಕಾರ ಅಕ್ಕ, ನಾನು ನಿಮ್ಮದೇ ಕಾಲೇಜು, ಇಸಿಇ ನಾಲ್ಕನೇ ಸೆಮ್. ನೀವು ಇಂಜಿನಿಯರಿಂಗ್ ಮುಗಿಸಿ ಟೆಕ್ನಿಕಲ್ ರೈಟಿಂಗಿಗೆ ಹೋಗಿದ್ದೀರಿ ಅಂತ ನೋಡಿದೆ. ನಿಮ್ಮ ಮೊದಲ ಆರು ತಿಂಗಳ ಕೆಲಸ ಹೇಗಿತ್ತು ಅಂತ ತಿಳ್ಕೊಬೇಕಿತ್ತು. ಈ ವಾರ ಅಥವಾ ಮುಂದಿನ ವಾರ ಹದಿನೈದು ನಿಮಿಷ ಮಾತಾಡೋಕೆ ಆಗುತ್ತಾ?"

ಇಲ್ಲಿ ಕೇಳಿರೋದು ಮಾಹಿತಿ, ಕೆಲಸ ಅಲ್ಲ. ಅದೂ ಉತ್ತರಿಸಬಹುದಾದ ಒಂದು ಪ್ರಶ್ನೆ. ಉತ್ತರ ಬರದಿದ್ರೆ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಮಾತಾಡಿದ್ರೆ, ಅವರು ಹೇಳಿದ್ದರಲ್ಲಿ ಒಂದನ್ನಾದ್ರೂ ಮಾಡಿ ತಿಂಗಳಾದ ಮೇಲೆ ತಿಳಿಸಿ. ನಮ್ಮ ಪ್ರಕಾರ ಈ ಎರಡನೇ ಮೆಸೇಜೇ ಮೊದಲನೆಯದಕ್ಕಿಂತ ಮುಖ್ಯ, ಯಾಕಂದ್ರೆ ಇದನ್ನ ಕಳಿಸೋರೇ ಕಮ್ಮಿ.

ಪರಿಚಯ ಆದ ಮೇಲೆ ಅವರು ಕೇಳೋ ಮೊದಲ ಪ್ರಶ್ನೆ, "ಬರೆದಿರೋದು ಏನಾದ್ರೂ ಇದ್ಯಾ?" ಅದಕ್ಕೆ ಇಂಟರ್ನ್‌ಶಿಪ್ ಸಿಗೋ ತನಕ ಕಾಯಬೇಕಿಲ್ಲ. ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಕೋರ್ಸು ಉಚಿತ. ಅದಾದ ಮೇಲೆ ಯಾವುದಾದ್ರೂ ಓಪನ್ ಸೋರ್ಸ್ ಪ್ರಾಜೆಕ್ಟಿನ ರೀಡ್‌ಮಿ ಓದಿ, ಅದರಲ್ಲಿ ಹೇಳಿದಂತೆ ಇನ್‌ಸ್ಟಾಲ್ ಮಾಡಿ ನೋಡಿ. ಎಲ್ಲಿ ಸಿಕ್ಕಿಹಾಕ್ಕೊಂಡ್ರೋ ಆ ಜಾಗ ತಿದ್ದಿ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ಹಾಕಿ. ಅದು ನಿಮ್ಮ ಹೆಸರಲ್ಲಿ ಎಲ್ಲರಿಗೂ ಕಾಣೋ ಹಾಗೆ ಉಳಿಯುತ್ತೆ. ಕನ್ನಡ ಬಲ್ಲವರಿಗೆ ಇನ್ನೂ ಎರಡು ಬಾಗಿಲಿವೆ: ಕನ್ನಡ ವಿಕಿಪೀಡಿಯ, ಮತ್ತೆ ಮೊಜಿಲ್ಲಾದ ಪಾಂಟೂನ್ ಮೂಲಕ ಫೈರ್‌ಫಾಕ್ಸ್‌ನ ಕನ್ನಡ ಅನುವಾದ. ವಿಜ್ಞಾನ ಬರಹ ಇಷ್ಟ ಇದ್ರೆ ಐಐಎಸ್‌ಸಿಯ ಕನೆಕ್ಟ್ ಪತ್ರಿಕೆ, ಕನ್ನಡದಲ್ಲೂ ಸಂಶೋಧನಾ ಸುದ್ದಿ ಪ್ರಕಟಿಸಿರೋ ರಿಸರ್ಚ್ ಮ್ಯಾಟರ್ಸ್ ಓದಿ. ಅರ್ಥವಾಗದ ಪೇಪರ್ ಒಂದು ಅರ್ಥವಾಗೋ ಕಥೆ ಹೇಗಾಗುತ್ತೆ ಅಂತ ಗೊತ್ತಾಗುತ್ತೆ. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ "ರೆಸಿಸ್ಟೆನ್ಸ್" ಬಾಯಿಗೆ ಬಂದಷ್ಟು ಸಲೀಸಾಗಿ "ರೋಧ" ಬರಲ್ಲ, ಓದಿ ಓದಿಯೇ ಬರಬೇಕು.

ಇಂಟರ್ನ್‌ಶಿಪ್ ಸಿಕ್ಕಾಗ ಒಂದೇ ವಿಷಯ ನೋಡಿ: ನಾವು ಬರೆದಿದ್ದನ್ನ ತಿದ್ದೋರು ಅಲ್ಲಿದ್ದಾರಾ? ಕೆಂಪು ಗುರುತು ತುಂಬಿದ ಡ್ರಾಫ್ಟ್ ವಾಪಸ್ ಬಂದಾಗಲೇ ಕಲಿಯೋದು. ದಿನಕ್ಕೆ ಹತ್ತು ಇನ್‌ಸ್ಟಾಗ್ರಾಂ ಕ್ಯಾಪ್ಷನ್ ಬರೆಸಿಕೊಂಡು ಕೊನೆಗೆ ಸರ್ಟಿಫಿಕೇಟ್ ಕೊಡೋ ಕಡೆ ಎರಡು ತಿಂಗಳು ಕಳೆದ್ರೆ ಪೋರ್ಟ್‌ಫೋಲಿಯೋಗೆ ಏನೂ ಉಳಿಯಲ್ಲ. ಇನ್ನು ಇಂಟರ್ನ್‌ಶಿಪ್ ಕೊಡೋಕೆ ನಮ್ಮಿಂದಲೇ "ರಿಜಿಸ್ಟ್ರೇಷನ್ ಫೀ" ಕೇಳೋರು ನಮ್ಮೆಲ್ಲರ ಇನ್‌ಬಾಕ್ಸಲ್ಲೂ ಇದ್ದಾರೆ. ಕೆಲಸ ಮಾಡೋರು ನಾವು, ದುಡ್ಡೂ ನಾವೇ ಕೊಡೋದು ಯಾವ ಲೆಕ್ಕ?

ಮನೆಯಲ್ಲಿ ಏನಂತಾರೆ ಅನ್ನೋದು ಬೇರೆ ಅಧ್ಯಾಯ. "ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಬರೆಯೋಕೆ ಹೋಗ್ತೀಯಾ" ಅನ್ನೋ ಅಪ್ಪನಿಗೆ ಲೇಖನಕ್ಕಿಂತ ಆಫರ್ ಲೆಟರ್ ಬೇಗ ಅರ್ಥವಾಗುತ್ತೆ. ಅವರ ಭಯದಲ್ಲೂ ನಿಜ ಇದೆ: ಪಿಆರ್ ಏಜೆನ್ಸಿಯ ಮೊದಲ ಸಂಬಳ ಸಾಮಾನ್ಯವಾಗಿ ಸಾಫ್ಟ್‌ವೇರ್ ಕೆಲಸದ್ದಕ್ಕಿಂತ ಕಮ್ಮಿ, ಚಾಟ್‌ಜಿಪಿಟಿ ಬಂದ ಮೇಲೆ ಸಾದಾ ಕ್ಯಾಪ್ಷನ್ ಬರೆಯೋ ಕೆಲಸ ನೆಚ್ಚಿಕೊಳ್ಳೋಕೆ ಆಗಲ್ಲ. ಸಾಲ ತೀರಿಸಬೇಕಾದ ಮನೆಯವರು ಕ್ಯಾಂಪಸ್ ಆಫರ್ ಬಿಡಬೇಕಿಲ್ಲ. ಡೆವಲಪರ್ ಆಗಿ ಸೇರಿ, ಅದೇ ಟೀಮಿನ ಡಾಕ್ಯುಮೆಂಟೇಶನ್ ಕೈಗೆತ್ತಿಕೊಂಡು ಆಮೇಲೆ ದಾರಿ ಬದಲಿಸೋಕೂ ಆಗುತ್ತೆ. ಪೂರ್ತಿ ಈ ಕಡೆಗೇ ಬರ್ತೀವಿ ಅನ್ನೋರಿಗೆ ದೆಹಲಿಯ ಐಐಎಂಸಿ, ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ ಇವೆ. ಯಾವ ಡಿಗ್ರಿ ಮುಗಿಸಿದವರೂ ಅಲ್ಲಿಗೆ ಅರ್ಜಿ ಹಾಕಬಹುದು.