ಮನೆ ಕೊಟ್ಟರೆ ಊರಾಗುತ್ತದೆಯೇ?

ಲಾಂಚ್ ಹತ್ತುತ್ತಿದ್ದ ಹೊಳೆಬಾಗಿಲಿನಲ್ಲಿ ಈಗ ಯಾರೂ ಗಡಿಯಾರ ನೋಡಿಕೊಂಡು ಓಡುವುದಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಹೋಗುವವರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರನ್ನು ನಿಲ್ಲದೆ ದಾಟುತ್ತಾರೆ. ಅದಕ್ಕೆ ಮೊದಲು ತುಮರಿ ಸೀಮೆಯ ಜನರ ದಿನಚರಿಯನ್ನು ಲಾಂಚ್ ನಿರ್ಧರಿಸುತ್ತಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದ ರೋಗಿಗೆ ಸಾಗರದ ಆಸ್ಪತ್ರೆ ದೂರ, ಈಚೆ ದಡದಲ್ಲಿ ಉಳಿದವನಿಗೆ ಮನೆ ದೂರ. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದೂ ಕಷ್ಟ.

ಸುಮಾರು 2.4 ಕಿ.ಮೀ. ಉದ್ದದ ಸೇತುವೆಯ ಮುಂದೆ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಜೊತೆಗೊಂದು ಲೆಕ್ಕವನ್ನೂ ಹಾಕಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪುನರ್ವಸತಿ ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಿದ್ದ ದಾರಿ ಕೈಗೆ ಸಿಕ್ಕಿದ್ದು 61 ವರ್ಷಗಳ ಮೇಲೆ.

ಗೊತ್ತಿದ್ದೂ ಆಗದ ಕೆಲಸ

ಮುಳುಗಡೆ ಪ್ರಕೃತಿ ವಿಕೋಪವಲ್ಲ, ಮನುಷ್ಯರು ಕಾಗದದ ಮೇಲೆ ಬರೆದು ತಂದ ನೆರೆ. ನೀರು 1,819 ಅಡಿಯವರೆಗೆ ನಿಲ್ಲುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಸಾಗರ, ಹೊಸನಗರ ತಾಲ್ಲೂಕುಗಳ ಯಾವ ತೋಟ, ಯಾವ ಗದ್ದೆ, ಯಾವ ದೇವಸ್ಥಾನ ಹೋಗುತ್ತದೆ ಎಂಬುದೂ ಗೊತ್ತಿತ್ತು. ಸಾಗರದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದದ್ದು ಈ ಎದ್ದು ಹೋಗುವ ಸಂಕಟವನ್ನೇ.

ಎದ್ದವರಲ್ಲಿ ಅನೇಕರನ್ನು ಕಾಡಿನ ಜಾಗಗಳಲ್ಲಿ ಕೂರಿಸಲಾಯಿತು. ಅವರು ಬೇಲಿ ಹಾಕಿದರು, ಅಡಿಕೆ ಸಸಿ ನೆಟ್ಟರು, ಶಾಲೆ ಕೇಳಿ ಪಡೆದರು. ಹಕ್ಕುಪತ್ರ ಮಾತ್ರ ಬರಲಿಲ್ಲ, ಬಂದರೂ ಗಟ್ಟಿಯಾಗಿ ನಿಲ್ಲಲಿಲ್ಲ. ಅವರಿಗಾಗಿ ಅರಣ್ಯಭೂಮಿ ಬಿಟ್ಟುಕೊಟ್ಟ ಸರ್ಕಾರಿ ಆದೇಶಗಳಿಗೆ ಕೇಂದ್ರದ ಪೂರ್ವಾನುಮತಿ ಇರಲಿಲ್ಲ. ಹೀಗಾಗಿ 2021ರಲ್ಲಿ ಹೈಕೋರ್ಟ್ ಅವನ್ನು ರದ್ದು ಮಾಡಿತು, ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಜ್ಜ ಬಿಟ್ಟ ಊರಿನ ಲೆಕ್ಕ ಮೊಮ್ಮಗನ ಕಾಲಕ್ಕೂ ಚುಕ್ತಾ ಆಗಿಲ್ಲ.

ವರ್ಷಗಟ್ಟಲೆ ಮುನ್ಸೂಚನೆ ಇದ್ದ ನೀರಿನ ಗತಿಯೇ ಇದು. ಹಾಗಿರುವಾಗ ರಾತ್ರೋರಾತ್ರಿ ಜಾರುವ ಗುಡ್ಡಕ್ಕೆ ನಮ್ಮ ಸಿದ್ಧತೆ ಏನು?

ಖಾಲಿ ಮನೆಗಳ ಪಾಠ

2009ರ ಅಕ್ಟೋಬರ್ ಹೊತ್ತಿಗೆ ಉತ್ತರ ಕರ್ನಾಟಕ ನೆರೆಯಲ್ಲಿ ನೆನೆದು ಕುಸಿದಾಗ ‘ಆಸರೆ’ ಯೋಜನೆ ಬಂತು. ದಾನಿಗಳು ಮುಂದೆ ಬಂದರು, ಮನೆಗಳು ಸಾಲಾಗಿ ಎದ್ದವು. ಆದರೂ ಎಷ್ಟೋ ಮನೆಗಳ ಬಾಗಿಲು ತೆರೆಯಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ. ಜನ ಹಳೆಯ ಊರಿಗೇ ಮರಳಿದರು.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿತು. ಜಂಬೂರು, ಮದೆನಾಡಿನ ಹೊಸ ಬಡಾವಣೆಗಳಲ್ಲಿ ಸಂತ್ರಸ್ತರಿಗೆ ಮನೆ ಸಿಗುವ ಹೊತ್ತಿಗೆ 2020 ಬಂದಿತ್ತು. ಎರಡು ಕೋಣೆಯ ಗಟ್ಟಿ ಮನೆ ನಿಜಕ್ಕೂ ದೊಡ್ಡ ನೆರವು. ಆದರೆ ಕಾಫಿ ಗಿಡ ಉಳಿದದ್ದು ಹಳೆಯ ಬೆಟ್ಟದಲ್ಲೇ.

ಭುಜ್ ನಗರದ ದಾರಿ ಬೇರೆ. 2001ರ ಜನವರಿ 26ರ ಭೂಕಂಪದ ನಂತರ ಅಲ್ಲಿ ಕೋಟೆಯೊಳಗಿನ ಹಳೆಯ ಪಟ್ಟಣದ ನಿವೇಶನಗಳನ್ನೇ ಮರುಹಂಚಿಕೆ ಮಾಡಿದರು. ಪ್ರತಿಯೊಬ್ಬರೂ ಒಂದಿಷ್ಟು ಜಾಗ ಬಿಟ್ಟುಕೊಟ್ಟರು, ಚಿಕ್ಕ ನಿವೇಶನದವರು ಕಡಿಮೆ, ದೊಡ್ಡವರು ಹೆಚ್ಚು. ಆ ಜಾಗದಲ್ಲಿ ಅಗಲ ರಸ್ತೆ, ಚರಂಡಿ ಬಂದವು. ನೆಲ ಯಾರದ್ದು ಎಂಬುದು ಇತ್ಯರ್ಥವಾದ ಮೇಲೆ ಗೋಡೆ ಎದ್ದಿತು. ನಾವು ಗೋಡೆ ಮೊದಲು ಕಟ್ಟಿ ನೆಲಕ್ಕಾಗಿ ಕೋರ್ಟಿಗೆ ಅಲೆಯುತ್ತೇವೆ.

ಧರೆಯ ಕೆಳಗೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಮಳೆ ಹೊಸದಲ್ಲ. ಹೊಸದು ಜೆಸಿಬಿ. ಇಳಿಜಾರನ್ನು ನೆಟ್ಟಗೆ ಕಡಿದು ಮನೆಗೋ ರಸ್ತೆಗೋ ಜಾಗ ಮಾಡುತ್ತೇವೆ. ಮೇಲಿನ ಅಗಳ ಹೂತು ಹೋಗಿ, ಹರಿದು ಹೋಗಬೇಕಾದ ನೀರು ಮಣ್ಣಿಗೇ ಇಂಗಿ, ನೆನೆದ ಧರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ.

ಹಾಗಾದರೆ ಯೋಜನೆ ಮಳೆಗಾಲಕ್ಕೆ ಮೊದಲೇ, ಗ್ರಾಮಸಭೆಯಲ್ಲಿ ಶುರುವಾಗಬೇಕು. ಯಾವ ಧರೆಯ ಕೆಳಗೆ ಎಷ್ಟು ಮನೆ ಇವೆ, ಅವರನ್ನು ಎಬ್ಬಿಸಿದರೆ ಎಲ್ಲಿ ಕೂರಿಸುವುದು, ಆ ಜಾಗ ಕಂದಾಯದ್ದೋ ಅರಣ್ಯದ್ದೋ, ಅಲ್ಲಿಂದ ತೋಟಕ್ಕೆ ನಡೆದು ಹೋಗಬಹುದೇ, ಕೊಟ್ಟಿಗೆಗೆ ಜಾಗವುಂಟೇ, ಅಬ್ಬಿ ನೀರು ಬರುತ್ತದೆಯೇ? ನೆರೆಹೊರೆಯವರನ್ನು ಒಟ್ಟಿಗೆ ಇಡುವುದೂ ಈ ಪಟ್ಟಿಗೆ ಸೇರಬೇಕು. ಚೀಟಿ ಎತ್ತಿ ಮನೆ ಹಂಚಿದರೆ ಬಡಾವಣೆಯಾಗುತ್ತದೆ, ರಾತ್ರಿ ಕೂಗಿದರೆ ಓಗೊಡುವ ಕೇರಿಯಾಗುವುದಿಲ್ಲ.

ನೀರು ತೀರಾ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಹಿನ್ನೀರಿನಿಂದ ಮೇಲೇಳುತ್ತದೆ. ಲಿಂಗನಮಕ್ಕಿ ನುಂಗಿದ ಇನ್ನೊಂದು ಅಣೆಕಟ್ಟು ಅದು. ಸರ್ಕಾರದ ಕಟ್ಟಡ ಮುಳುಗಿದರೂ ಕಡತದಲ್ಲಿ ಅದರ ಹೆಸರು, ಅಳತೆ ಎಲ್ಲ ಭದ್ರವಾಗಿರುತ್ತದೆ. ಅದರ ಸುತ್ತ ಬೇಸಾಯ ಮಾಡಿಕೊಂಡಿದ್ದವರ ಹೊಸ ನೆಲಕ್ಕೂ ಅಂಥದೇ ಒಂದು ಹಾಳೆ ಬೇಕು. ಸೇತುವೆಯ ಕೆಲಸ ಮುಗಿಯಿತು, ಆ ಹಾಳೆಯದು ಬಾಕಿ ಇದೆ.